ಗಾಳವೂ ಈಟಿಯೂ ಒಂದೇ ಹೊತ್ತಿಗೆ ನೀರಿಗಿಳಿಯುವುದು ಬೇಡ

ಮಾನ್ಯ ಸಂಪಾದಕರೆ,

ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧ ಮುಗಿದು, ನವರಾತ್ರಿ ಕಳೆದು, ಹೊಳೆಗಳು ತಂದು ಸುರಿದ ಕೆಂಪು ನೀರು ತಿಳಿಯಾಗುವ ಹೊತ್ತಿಗೆ ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಜೆಟ್ಟಿಗಳಲ್ಲಿ ಮೀನುಗಾರರಲ್ಲದವರ ಓಡಾಟವೂ ಶುರುವಾಗುತ್ತದೆ. ರಜೆಗೆ ಊರಿಗೆ ಬಂದ ಮಗ, ಸೊಸೆ, ಅಳಿಯ, ಮೊಮ್ಮಕ್ಕಳು. ಪರಿಚಯದವರ ನಾಡದೋಣಿ, ಒಂದು ಐಸ್ ಪೆಟ್ಟಿಗೆ, ನಾಲ್ಕಾರು ರಾಡ್. ಈಗೀಗ ಆ ಸಾಮಾನಿನ ನಡುವೆ ಉದ್ದನೆಯ ಚೀಲವೊಂದೂ ಇರುತ್ತದೆ. ಅದರೊಳಗಿರುವುದು ಸ್ಪಿಯರ್‌ಗನ್, ಅಂದರೆ ರಬ್ಬರಿನ ಎಳೆತದಿಂದ ಉಕ್ಕಿನ ಈಟಿಯನ್ನು ಚಿಮ್ಮಿಸುವ ನೀರೊಳಗಿನ ಬಂದೂಕು.

ಮನೆಮಂದಿಯೆಲ್ಲ ಸೇರಿ ಕಡಲಿಗೆ ಹೋಗುವುದು ಒಳ್ಳೆಯದೇ. ಮೀನು ಎಲ್ಲಿಂದ ಬರುತ್ತದೆ, ಗಾಳಿ ಯಾವಾಗ ತಿರುಗುತ್ತದೆ ಎಂಬುದನ್ನು ಮಕ್ಕಳು ದೋಣಿಯಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಾರರು. ಈಟಿ ಹಿಡಿದು ಉಸಿರು ಕಟ್ಟಿ ಮುಳುಗುವುದೂ ತಪ್ಪಲ್ಲ. ಬೇಕಾದ ಒಂದೇ ಮೀನನ್ನು ನೋಡಿ, ಆರಿಸಿ ಹಿಡಿಯುವ ದಾರಿ ಅದು. ನಮ್ಮ ತಕರಾರು ಇರುವುದು ಒಂದೇ ಕಡೆ: ಒಂದೇ ದೋಣಿಯಿಂದ, ಒಂದೇ ಹೊತ್ತಿಗೆ, ಕೆಲವರು ಗಾಳ ಇಳಿಸುವುದು, ಕೆಲವರು ಈಟಿ ಹಿಡಿದು ಇಳಿಯುವುದು.

ನಡೆಯುವುದು ಹೀಗೆ. 15–20 ಮೀಟರ್ ಆಳದ ಕಲ್ಲಿನ (ಕಡಲತಳದ ಬಂಡೆಯ) ಮೇಲೆ ದೋಣಿ ಲಂಗರು ಹಾಕಿ ನಿಂತಿರುತ್ತದೆ. ನಾಲ್ಕು ತಂಗೂಸಿ, ಅಂದರೆ ಗಾಳ ಕಟ್ಟಿದ ನೈಲಾನ್ ದಾರ, ಕೆಳಗಿಳಿದಿವೆ. ಅಳಿಯ ಕಾಲಿಗೆ ಫಿನ್ (ಈಜುವ ರಬ್ಬರ್ ರೆಕ್ಕೆ) ಹಾಕಿಕೊಂಡು ದೋಣಿಯ ಹಿಂಬದಿಯಿಂದ ನೀರಿಗಿಳಿಯುತ್ತಾನೆ. ನೀರಿನ ಸೆಳೆತ ಅವನನ್ನು ಯಾವ ಕಡೆಗೆ ಒಯ್ಯುತ್ತದೋ ಸೀಸ ಕಟ್ಟಿದ ತಂಗೂಸಿಗಳೂ ಅದೇ ಕಡೆಗೆ ವಾಲಿರುತ್ತವೆ. 0.60 ಮಿ.ಮೀ. ದಪ್ಪದ ತಂಗೂಸಿ ನೀರೊಳಗೆ ಕಣ್ಣಿಗೆ ಬೀಳುವುದಿಲ್ಲ. ಗಾಳ ಅವನ ಫಿನ್ನಿನ ಪಟ್ಟಿಗೋ ಮೊಣಕಾಲಿಗೋ ಸಿಕ್ಕಿಕೊಂಡರೆ, ಮೇಲೆ ಕೂತವರ ಬೆರಳಿಗೆ ಅದು ದೊಡ್ಡ ಮೀನು ಕಚ್ಚಿದ ಹಾಗೆಯೇ ತಿಳಿಯುತ್ತದೆ. ಅವರು ಬಿಗಿಯಾಗಿ ಎಳೆಯುತ್ತಾರೆ. ಕೆಳಗಿರುವವನ ಹತ್ತಿರ ಉಳಿದಿರುವುದು ಅರ್ಧ ಉಸಿರು.

ಗಾಳಕ್ಕಿಂತ ದೊಡ್ಡ ತೊಂದರೆ ಎಂದರೆ ನೋಡುವವರೇ ಇಲ್ಲದಿರುವುದು. ಗಾಳ ಹಾಕಿದವರ ಕಣ್ಣು ಅವರವರ ತಂಗೂಸಿಯ ತುದಿಯಲ್ಲಿರುತ್ತದೆ. ದೋಣಿ ನಡೆಸುವ ತಾಂಡೇಲನ ಕೈಯಲ್ಲೂ ಒಂದು ತಂಗೂಸಿ. ಮುಳುಗಿದವನು ಮೇಲೆ ಬಂದನೇ, ಬಂದವನು ಸರಿಯಾಗಿ ಉಸಿರಾಡುತ್ತಿದ್ದಾನೆಯೇ ಎಂದು ನೋಡುವ ಕೆಲಸ ಯಾರದೂ ಅಲ್ಲ. ನೋಡಿದರೂ, ಲಂಗರು ಹಾಕಿದ ದೋಣಿ ತಕ್ಷಣ ಹೊರಡುವುದಿಲ್ಲ. ತಂಗೂಸಿ ಸುತ್ತಬೇಕು, 80–100 ಮೀಟರ್ ಹಗ್ಗ ಎಳೆಯಬೇಕು, ಆಮೇಲೆ ಎಂಜಿನ್. ಉಸಿರು ನಿಂತವನ ಮಿದುಳು ಅಷ್ಟು ಹೊತ್ತು ಕಾಯುವುದಿಲ್ಲ.

ಉಸಿರು ಕಟ್ಟಿ ಮುಳುಗಿದವರಿಗೆ ಬರುವ ಮೂರ್ಛೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯ ಈಜುಗಾರರೇ ಇದನ್ನು ತಿಳಿಯದೆ ಸಾಯುತ್ತಾರೆ. ನೀರಿನೊಳಗೆ ಪ್ರತಿ 10 ಮೀಟರಿಗೆ ಒತ್ತಡ ಮೇಲಿನ ಗಾಳಿಯ ಒಂದು ಪಟ್ಟಿನಷ್ಟು ಏರುತ್ತದೆ. 20 ಮೀಟರ್ ಆಳದಲ್ಲಿ ಅದು ಮೂರು ಪಟ್ಟು. ಶ್ವಾಸಕೋಶದಲ್ಲಿ ಆಮ್ಲಜನಕ ಶೇ 6ಕ್ಕೆ ಇಳಿದಿದ್ದರೂ ಅಲ್ಲಿ ಅದು ಮೇಲಿನ ಶೇ 18ರಷ್ಟು ಕೆಲಸ ಮಾಡುತ್ತಿರುತ್ತದೆ. ತಲೆ ಚುರುಕಾಗಿರುತ್ತದೆ, ಇನ್ನೊಂದು ಮೀನು ನೋಡೋಣ ಅನಿಸುತ್ತದೆ. ಮೇಲೇರಲು ಶುರುಮಾಡಿದ ಮೇಲೆ ಒತ್ತಡ ಇಳಿಯುತ್ತದೆ, ಆ ಶೇ 6 ನಿಜವಾದ ಶೇ 6 ಆಗುತ್ತದೆ, ದೀಪ ಆರಿಸಿದ ಹಾಗೆ ಪ್ರಜ್ಞೆ ಹೋಗುತ್ತದೆ. ಹೆಚ್ಚಾಗಿ ಕೊನೆಯ ಕೆಲವು ಮೀಟರಿನಲ್ಲಿ, ಎಷ್ಟೋ ಸಲ ತಲೆ ನೀರಿನಿಂದ ಹೊರಗೆ ಬಂದ ಮೇಲೂ. ಕೂಗಿಲ್ಲ, ಕೈ ಬೀಸುವುದಿಲ್ಲ, ಚಡಪಡಿಕೆಯೂ ಇಲ್ಲ.

ಮುಳುಗುವ ಮೊದಲು ಜೋರು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಡುವ ಅಭ್ಯಾಸ ಇದನ್ನು ಇನ್ನೂ ಕೆಡಿಸುತ್ತದೆ. ಅದರಿಂದ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ‘ಉಸಿರು ಬೇಕು’ ಎಂದು ಎದೆಯನ್ನು ತಟ್ಟುವುದು ಅದೇ. ಅದನ್ನು ತೊಳೆದು ಹಾಕಿದರೆ ಎಚ್ಚರಿಸುವವರು ಯಾರೂ ಇರುವುದಿಲ್ಲ. ಮುಳುಗುವ ಮೊದಲು ಎರಡು ನಿಮಿಷ ಮುಖ ಕೆಳಗೆ ಮಾಡಿ ತೇಲುತ್ತ, ಮಾಮೂಲಿನಂತೆ ನಿಧಾನವಾಗಿ ಉಸಿರಾಡಿ, ಕೊನೆಗೆ ಒಂದೇ ಒಂದು ತುಂಬು ಉಸಿರು. ಮುಳುಗುವಾಗ ಸ್ನಾರ್ಕೆಲ್ (ತೇಲುವಾಗ ಉಸಿರಾಡುವ ಕೊಳವೆ) ಬಾಯಿಂದ ತೆಗೆದಿರಬೇಕು. ಇಲ್ಲದಿದ್ದರೆ ಪ್ರಜ್ಞೆ ತಪ್ಪಿದಾಗ ಅದೇ ನೀರು ಇಳಿಯುವ ಕೊಳವೆಯಾಗುತ್ತದೆ.

ಒಬ್ಬರೇ ಇಳಿಯುವಂತಿಲ್ಲ. ಇಬ್ಬರು, ಬಂದೂಕು ಒಂದೇ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆ ತೇಲುತ್ತ ಅವರನ್ನೇ ನೋಡುತ್ತಿರಬೇಕು. ಮೇಲೆ ಬಂದವರ ಮುಖವನ್ನು ಮತ್ತೆ 30 ಸೆಕೆಂಡ್ ನೋಡಬೇಕು. ಆಮೇಲೆಯೇ ಬಂದೂಕು ಕೈ ಬದಲಾಗುವುದು. ಕೆಳಗೆ ಇದ್ದ ಹೊತ್ತಿನ ಕನಿಷ್ಠ ಎರಡರಷ್ಟು ಹೊತ್ತು ಮೇಲೆ ವಿಶ್ರಾಂತಿ. ಜೋಡಿಯಲ್ಲಿ ಕಡಿಮೆ ಆಳ ಮುಳುಗಬಲ್ಲವರು ಎಷ್ಟು ಇಳಿಯುತ್ತಾರೋ ಅದೇ ಇಬ್ಬರಿಗೂ ಮಿತಿ. 8 ಮೀಟರ್ ಮಾತ್ರ ಇಳಿಯಬಲ್ಲ ತಮ್ಮ, 18 ಮೀಟರಿನಲ್ಲಿ ಮೂರ್ಛೆ ಬಿದ್ದ ಅಣ್ಣನನ್ನು ತರಲಾರ.

ಪ್ರಜ್ಞೆ ತಪ್ಪಿದವರು ಸಿಕ್ಕಿದರೆ ಮೊದಲು ಅವರ ಸೊಂಟದ ಸೀಸದ ತೂಕದ ಬೆಲ್ಟ್ ಬಿಚ್ಚಿ ಬಿಡಬೇಕು. ಮುಖ ಮೇಲೆ ಮಾಡಿ, ಮಾಸ್ಕ್ ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಸುತ್ತ ಊದಿ, ಹೆಸರು ಹಿಡಿದು ‘ಉಸಿರಾಡು’ ಎಂದು ಕೂಗಬೇಕು. ಬಹಳ ಸಲ ಅಷ್ಟಕ್ಕೇ ಉಸಿರು ಮರಳುತ್ತದೆ. ಮರಳದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನೀರಿನಲ್ಲಿ ಉಸಿರು ಕಟ್ಟಿದವರಿಗೆ ಎದೆ ಒತ್ತುವುದಕ್ಕಿಂತ ಮೊದಲು ಬೇಕಾದದ್ದು ಉಸಿರು. ಹೊಟ್ಟೆ ಅಮುಕಿ ನೀರು ತೆಗೆಯಲು ಹೋಗಬೇಡಿ. ಎಚ್ಚರವಾದವರನ್ನು ಆ ದಿನ ಮತ್ತೆ ನೀರಿಗಿಳಿಸಬೇಡಿ, ‘ಏನೂ ಆಗಿಲ್ಲ’ ಎಂದು ಅವರು ಎಷ್ಟೇ ಹೇಳಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತೂಕದ ಬೆಲ್ಟಿನಲ್ಲಿ ಆಗುವ ತಪ್ಪು ಒಂದೇ: ಬೇಗ ಕೆಳಗಿಳಿಯಲೆಂದು ಸೀಸ ಹೆಚ್ಚು ಹಾಕಿಕೊಳ್ಳುವುದು. ಸಹಜವಾಗಿ ಉಸಿರು ಬಿಟ್ಟ ಮೇಲೂ ಮೇಲ್ಮೈಯಲ್ಲಿ ತಲೆ ತೇಲಬೇಕು, ಸುಮಾರು 10 ಮೀಟರಿನಲ್ಲಿ ಏಳದೆ ಇಳಿಯದೆ ನಿಲ್ಲಬೇಕು. ಸೀಸ ಅಷ್ಟೇ ಇರಲಿ. ನಮ್ಮ ನೀರು ಬೆಚ್ಚಗಿರುವುದರಿಂದ 1.5ರಿಂದ 3 ಮಿ.ಮೀ. ದಪ್ಪದ ರಬ್ಬರ್ ಸೂಟ್ ಸಾಕು, ಅದಕ್ಕೆ ತಕ್ಕಂತೆ ಸೀಸವೂ ಕಡಿಮೆಯೇ ಬೇಕು. ಬಕಲ್ ಒಂದೇ ಕೈಯ ಎಳೆತಕ್ಕೆ ಬಿಚ್ಚುವಂಥದ್ದಾಗಿರಲಿ, ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಬಾರದು. ಇನ್ನೊಂದು, ಕಿವಿ: ಇಳಿಯಲು ತೊಡಗಿದ ಮೊದಲ ಮೀಟರಿನಿಂದಲೇ ಮೂಗು ಹಿಡಿದು ಕಿವಿಗೆ ಗಾಳಿ ತಳ್ಳುತ್ತ ಹೋಗಬೇಕು. ನೋವಾದ ಮೇಲೆ ತಳ್ಳಿ ಪ್ರಯೋಜನವಿಲ್ಲ, ಮೇಲೆ ಬರಬೇಕು. ಶೀತವಾಗಿರುವ ದಿನ ಮುಳುಗುವುದೇ ಬೇಡ.

ಸ್ಪಿಯರ್‌ಗನ್ನಿನ ರಬ್ಬರನ್ನು ನೀರಿನಲ್ಲಿದ್ದಾಗ ಮಾತ್ರ ಎಳೆದು ಸಿಕ್ಕಿಸಬೇಕು, ದೋಣಿಯ ಕಡೆ ಬರುವ ಮೊದಲೇ ಬಿಚ್ಚಬೇಕು. ನೀರು ತಡೆಯುವುದರಿಂದ ಈಟಿ ಕೆಲವೇ ಮೀಟರಿಗೆ ಸೋಲುತ್ತದೆ. ದೋಣಿಯೊಳಗೆ ಅದನ್ನು ತಡೆಯುವಂಥದ್ದು ಏನೂ ಇಲ್ಲ, ಎದುರಿಗಿರುವವರ ಮೈ ಬಿಟ್ಟರೆ. ಸೇಫ್ಟಿ ಗುಂಡಿಯನ್ನು ನಂಬಬೇಡಿ. ಉಪ್ಪು ಹಿಡಿದ ಟ್ರಿಗರ್ ತಾನಾಗಿ ಜಾರುವುದುಂಟು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದಿಡಿ. ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೂ ಬದಲಿಸಿ. ಈಟಿಯ ತುದಿಯ ಹತ್ತಿರದ ಮಡಚುವ ಮುಳ್ಳು ಸಡಿಲವಾಗಿ ಆಡುತ್ತಿರಬೇಕು. ಅದು ಬಿಗಿದುಕೊಂಡರೆ ಚುಚ್ಚಿದ ಮೀನು ಜಾರಿಹೋಗಿ ಎಲ್ಲೋ ಸಾಯುತ್ತದೆ. ನೀರಿನಲ್ಲಿ 5 ಮೀಟರ್ ದೂರ ಕಾಣದಿದ್ದರೆ ಬಂದೂಕು ಚೀಲದಲ್ಲೇ ಇರಲಿ. ನಮ್ಮ ಕರಾವಳಿಯಲ್ಲಿ ನವೆಂಬರಿಗೆ ಮೊದಲು ದಡದ ಹತ್ತಿರ ಅಷ್ಟು ಕಾಣುವ ದಿನಗಳೇ ಕಡಿಮೆ. ಸೊಂಟದಲ್ಲೋ ಕಾಲಿನಲ್ಲೋ ಹರಿತವಾದ ಚಾಕು ಬೇಕೇಬೇಕು. ಮೀನಿಗಾಗಿ ಅಲ್ಲ, ಕಲ್ಲುಗಳಿಗೆ ಸಿಕ್ಕಿ ಹರಿದು ಅಲ್ಲೇ ಉಳಿದ ಬಲೆಗಳಿಗಾಗಿ.

ಮುಳುಗುವವರ ಮೇಲೆ ತೇಲುಬುಂಡೆ ಮತ್ತು ಬಾವುಟ ಇರಬೇಕೆನ್ನುವುದು ಸರಿ. ಆದರೆ ಕಿತ್ತಳೆ ಬಣ್ಣದ ಬುಂಡೆಯನ್ನು ಕಂಡ ಬೋಟಿನವರು ಅದನ್ನು ಯಾರದೋ ಬಲೆಯ ಗುರುತು ಎಂದುಕೊಳ್ಳುತ್ತಾರೆ, ಅದರ ಪಕ್ಕದಿಂದಲೇ ಹಾದುಹೋಗುತ್ತಾರೆ. ಬುಂಡೆಯ ಮೇಲೆ ಒಂದು ಮೀಟರ್ ಎತ್ತರದ ಕೋಲಿಗೆ ಬಾವುಟ ಕಟ್ಟಬೇಕು, ದೋಣಿಯಲ್ಲೂ ಅದೇ ಬಾವುಟ ಹಾರಬೇಕು. ಹತ್ತಿರ ಬರುವ ಬೋಟಿಗೆ ಕೈ ಮಾಡಿ, ವಿಎಚ್‌ಎಫ್ ರೇಡಿಯೊ ಇದ್ದರೆ ಕರೆದು, ನೀರಿನಲ್ಲಿ ಜನ ಇದ್ದಾರೆಂದು ತಿಳಿಸಬೇಕು.

ಹಾಗಾದರೆ ಒಂದೇ ದಿನ ಎರಡೂ ಬೇಕೆನ್ನುವ ಮನೆಯವರು ಏನು ಮಾಡಬೇಕು? ದಿನವನ್ನು ಪಾಲು ಮಾಡಬೇಕು. ಬೆಳಕು ಹರಿಯುವಾಗ ಗಾಳ ಹಾಕಿ. ಮೀನು ಚೆನ್ನಾಗಿ ಕಚ್ಚುವ ಹೊತ್ತೂ ಅದೇ. ಬಿಸಿಲು ನೀರೊಳಗೆ ಇಳಿಯುವ ಹೊತ್ತಿಗೆ, ಸುಮಾರು ಎಂಟೂವರೆಗೆ, ಎಲ್ಲ ತಂಗೂಸಿ ಸುತ್ತಿ, ಗಾಳಗಳನ್ನು ಎಣಿಸಿ ಡಬ್ಬಿಗೆ ಹಾಕಿ. ದೋಣಿಯನ್ನು ಇನ್ನೂರು ಮುನ್ನೂರು ಮೀಟರ್ ಆಚೆಗೆ ಒಯ್ಯಿರಿ, ಏಕೆಂದರೆ ಗಾಳಕ್ಕೆ ಸಿಕ್ಕಿಸಿದ ಬೂತಾಯಿ ಮೀನಿನ ಚೂರು ಬಿದ್ದ ಜಾಗಕ್ಕೆ ಮುಳ್ಳಿನ ತೇಡೆ ಮೀನು, ಬಾಲದಲ್ಲಿ ಮುಳ್ಳಿರುವ ತೊರಕೆ, ಕೆಲವೊಮ್ಮೆ ತಾಟೆಯೂ (ಶಾರ್ಕ್) ಬಂದಿರುತ್ತದೆ. ಅಲ್ಲಿ ಎರಡು ತಾಸು ಮುಳುಗಿ. ಆ ಎರಡು ತಾಸು ದೋಣಿಯಲ್ಲಿ ಒಬ್ಬರು ಬೇರೇನೂ ಮಾಡದೆ ನೀರನ್ನು ನೋಡುತ್ತಿರಬೇಕು: ಫೋನ್ ಇಲ್ಲ, ಫೋಟೊ ಇಲ್ಲ, ಮಗುವಿಗೆ ತಿನ್ನಿಸುವುದೂ ಇಲ್ಲ. ತಾಂಡೇಲ ಎಂಜಿನ್ನಿನ ಬಳಿ ಇರಲಿ, ಮುಳುಗಿದವರು ಹತ್ತಿರ ಬಂದಾಗ ಎಂಜಿನ್ ಬಂದ್ ಆಗಿರಲಿ, ನ್ಯೂಟ್ರಲ್ ಸಾಲದು. ಹತ್ತೂವರೆಗೆ ಎಲ್ಲರೂ ಮೇಲೆ. ಬರುವ ದಾರಿಯಲ್ಲಿ ಐದಾರು ನಾಟ್ ವೇಗದಲ್ಲಿ ಅಂಜಲ್‌ಗೆ ಎಳೆಗಾಳ ಬಿಡಬಹುದು. ಅಂಜಲಿನ ಹಲ್ಲು ತಂಗೂಸಿಯನ್ನು ಕತ್ತರಿಸುವುದರಿಂದ ಗಾಳದ ಮುಂದೆ ಒಂದು ಅಡಿಯಷ್ಟು ಸ್ಟೀಲ್ ವಯರ್ ಹಾಕಿ. ಹನ್ನೊಂದರ ಮೇಲೆ ಪಡುವಣ ಗಾಳಿ ಏಳುತ್ತದೆ. ಅದು ಬಲಿಯುವ ಮೊದಲು ಜೆಟ್ಟಿಯಲ್ಲಿರಬೇಕು.

ಕಲ್ಲಿನ ಮೇಲೆ ಗಾಳ ಹಾಕುವಾಗ 0.60–0.80 ತಂಗೂಸಿ, ಸೆಳೆತ ನೋಡಿ 100ರಿಂದ 250 ಗ್ರಾಂ ಸೀಸ, ಎರೆಗೆ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಅಥವಾ ಬೂತಾಯಿ. ಸೀಸವನ್ನು ತೆಳುವಾದ ಬೇರೆ ದಾರದಲ್ಲಿ ಕಟ್ಟಿದರೆ ಕಲ್ಲಿಗೆ ಸಿಕ್ಕಿದಾಗ ಅದೊಂದೇ ಹರಿದುಹೋಗುತ್ತದೆ, ಗಾಳ ಉಳಿಯುತ್ತದೆ. ಮಕ್ಕಳ ಕೈಗೆ ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಕೊಡಿ. ಅದಕ್ಕೆ ಜಗ್ಗಿ ಹೊಡೆಯುವ ಅಗತ್ಯವಿಲ್ಲ, ತಂಗೂಸಿ ತಾನೇ ಬಿಗಿದಾಗ ಮೀನಿನ ಬಾಯಿಯ ಮೂಲೆಗೆ ಕೂರುತ್ತದೆ, ಬೇಡದ ಮೀನನ್ನು ಜೀವಂತ ಬಿಡಲೂ ಬರುತ್ತದೆ. ಬಂಗುಡೆಗೆಂದು ಸಿಗುವ ಆರು ಗಾಳಗಳ ಗರಿಸರವನ್ನು ಎರಡಕ್ಕೆ ಕತ್ತರಿಸಿ ಕೊಡಿ; ಆರು ಗಾಳ, ಒದ್ದಾಡುವ ನಾಲ್ಕು ಬಂಗುಡೆ, ಎಂಟು ವರ್ಷದ ಮಗು – ಇವು ಒಟ್ಟಿಗೆ ಸೇರಿದರೆ ಒಂದು ಗಾಳ ಯಾರದೋ ಕೈಯಲ್ಲಿ ಇಳಿದೇ ಇಳಿಯುತ್ತದೆ. ತಂಗೂಸಿಯನ್ನು ಅಂಗೈಗೆ ಸುತ್ತಿಕೊಳ್ಳುವುದನ್ನು ದೊಡ್ಡವರೂ ಬಿಡಬೇಕು. ದೊಡ್ಡ ಕೇದರವೊಂದು (ಟ್ಯೂನ ಮೀನು) ಒಮ್ಮೆ ಎಳೆದರೆ ಸಾಕು, ಬೆರಳಿನ ಮಾಂಸ ಮೂಳೆಯ ತನಕ ಸೀಳುತ್ತದೆ.

ತೇಡೆಯ ಮುಳ್ಳು, ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ಅರಿಸಿನ, ಸುಣ್ಣ ಹುಡುಕುತ್ತ ಕೂರಬೇಡಿ. ಆ ವಿಷ ಬಿಸಿಗೆ ಕೆಡುತ್ತದೆ. ತಡೆದುಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ, ಅಂದರೆ 45 ಡಿಗ್ರಿ ಸೆಲ್ಸಿಯಸ್ ದಾಟದ ನೀರಿನಲ್ಲಿ, ಅರ್ಧದಿಂದ ಒಂದೂವರೆ ತಾಸು ಅದ್ದಿಡಬೇಕು. ಗಾಯದ ಕೈಗೆ ಬಿಸಿ ತಿಳಿಯದಿರಬಹುದು, ಆದ್ದರಿಂದ ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿ. ಚಹಾದ ಫ್ಲಾಸ್ಕಿನ ಜತೆ ಬರೀ ಬಿಸಿನೀರಿನ ಫ್ಲಾಸ್ಕೂ ಒಂದಿರಲಿ. ಎದೆಗೋ ಹೊಟ್ಟೆಗೋ ಚುಚ್ಚಿದ ಮುಳ್ಳನ್ನು ದೋಣಿಯಲ್ಲಿ ಕೀಳಬಾರದು.

ಯಾವುದಕ್ಕೆ ಈಟಿ ಹೊಡೆಯಬಾರದು ಎಂಬುದೂ ಮುಖ್ಯ. ಮುರು (ಗ್ರೂಪರ್) ಮೀನುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು, ದೊಡ್ಡವಾದ ಮೇಲೆ ಗಂಡಾಗುತ್ತವೆ. ಒಂದು ಕಲ್ಲಿನ ಎಲ್ಲಕ್ಕಿಂತ ದೊಡ್ಡ ಮುರುವನ್ನು ಹೊಡೆದರೆ ಆ ಕಲ್ಲಿಗೆ ಇದ್ದ ಗಂಡು ಮೀನೇ ಹೋದಂತೆ. ಅದು ಗೂಡು ಬಿಟ್ಟು ದೂರ ಹೋಗುವ ಮೀನೂ ಅಲ್ಲ, ಹೊಡೆಯುವುದು ಸುಲಭ. ಸುಲಭ ಎಂಬ ಕಾರಣಕ್ಕೇ ಬಿಡಬೇಕು. ದೈತ್ಯ ಮುರುವನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಕಾಪಾಡಿದೆ. ಹವಳ, ಕಡಲಾಮೆ, ಕಡಲ್ಗುದುರೆಗಳನ್ನೂ. ಅಲೆದಾಡುವ ಕೊಕ್ಕರ್, ಕೇದರ, ಬೆಳೆದ ಅಂಜಲ್ ಈಟಿಗೆ ತಕ್ಕ ಮೀನುಗಳು. ಒಂದು ಮನೆಗೆ ಎರಡು ಮೀನು ಧಾರಾಳವಾಯಿತು. ಉಸಿರಾಟದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಈಟಿ ಹಿಡಿಯುವುದು ನಮ್ಮ ಲೆಕ್ಕದಲ್ಲಿ ಬೇಟೆಯೇ ಅಲ್ಲ, ಮೀನಿಗೆ ತಪ್ಪಿಸಿಕೊಳ್ಳಲು ಎಡೆಯೇ ಇರುವುದಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಸುತ್ತ ಹವಳವಿದೆ, ಸ್ಕೂಬಾ ಕಲಿಯುವವರು ಇಳಿಯುತ್ತಾರೆ. ಅಲ್ಲಿಗೆ ಈಟಿಯನ್ನೂ ಲಂಗರನ್ನೂ ಒಯ್ಯಬಾರದು.

ಲಂಗರಿನ ಮಾತು ಬಂದಿದ್ದರಿಂದ: ಹಗ್ಗ ಆಳದ ಐದು ಪಟ್ಟು ಇರಬೇಕು. ಲಂಗರನ್ನು ಮುಂದುಗಡೆಯಿಂದಲೇ ಇಳಿಸಬೇಕು. ಹಿಂದಿನಿಂದ ಕಟ್ಟಿದರೆ ಎಂಜಿನ್ನಿನ ಭಾರ ಇರುವ ಕಡೆಯೇ ತೆರೆ ಒಳಗೆ ನುಗ್ಗುತ್ತದೆ. ಕಲ್ಲಿನ ಜಾಗದಲ್ಲಿ ಹಗ್ಗವನ್ನು ಲಂಗರಿನ ಬುಡಕ್ಕೆ ಕಟ್ಟಿ, ಮೇಲಿನ ಬಳೆಗೆ ತೆಳುವಾದ ದಾರದಿಂದ ಬಿಗಿದಿಡಿ. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ದಾರ ಹರಿದು ಲಂಗರು ಬುಡ ಮೇಲಾಗಿ ಬಿಡಿಸಿಕೊಳ್ಳುತ್ತದೆ.

ದಿನ ಆರಿಸಲು ಮನೆಯ ಪಂಚಾಂಗ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ಇಳಿತ ದೊಡ್ಡದು, ಸೆಳೆತ ಜೋರು, ನೀರು ಕಲಕಿರುತ್ತದೆ. ಅಷ್ಟಮಿಯ ಆಸುಪಾಸು ಸೆಳೆತ ಕಡಿಮೆ. ಮುಳುಗುವವರಿಗೆ ಅದೇ ಒಳ್ಳೆಯದು. ಅಳಿವೆ ದಾಟುವುದಂತೂ ಏರು ನೀರಿನಲ್ಲೇ ಆಗಬೇಕು. ಗಂಗೊಳ್ಳಿಯಲ್ಲಾಗಲಿ ಕೋಡಿಬೆಂಗ್ರೆಯಲ್ಲಾಗಲಿ, ಇಳಿಯುವ ಹೊಳೆನೀರು ಪಡುವಣದ ತೆರೆಗೆ ಎದುರಾದಾಗ ತೆರೆ ನಿಂತು ಮಗುಚುತ್ತದೆ. ಹೊರಡುವ ಹಿಂದಿನ ಸಂಜೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉಬ್ಬುತೆರೆ ನಮ್ಮ ದಡಕ್ಕೆ ಬಡಿಯುವುದುಂಟು. ಪೆಟ್ರೋಲಿನಲ್ಲಿ ಮೂರನೆಯ ಒಂದು ಪಾಲು ಹೋಗಲು, ಒಂದು ಬರಲು, ಇನ್ನೊಂದನ್ನು ಮುಟ್ಟಬಾರದು. ಲೈಫ್ ಜಾಕೆಟ್ ಸೀಟಿನಡಿ ಇಟ್ಟರೆ ಇಲ್ಲದ ಹಾಗೆಯೇ. ಮಕ್ಕಳದ್ದಕ್ಕೆ ಕಾಲುಗಳ ನಡುವಿನಿಂದ ಹಾದುಬರುವ ಪಟ್ಟಿ ಇರಲೇಬೇಕು, ಇಲ್ಲವಾದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮಗು ಕೆಳಗೆ ಜಾರುತ್ತದೆ.

ಹಿಡಿದ ಮೀನಿನ ಕಿವಿರು ಕೂಡಲೇ ಕೊಯ್ದು ರಕ್ತ ಬಿಡಿಸಿ ಐಸಿಗೆ ಹಾಕಿ. ನಮ್ಮ ಬಿಸಿಲಿಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಬಂಗುಡೆ, ಕೇದರ, ಅಂಜಲ್ ಬಿಸಿಲಲ್ಲಿ ಬಿದ್ದಿದ್ದರೆ ಹಿಸ್ಟಮಿನ್ ಹುಟ್ಟುತ್ತದೆ; ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ತಲೆನೋವು, ತುರಿಕೆ ಬಂದಾಗ ಮೀನು ಮೈಗೆ ಒಗ್ಗಲಿಲ್ಲ ಎನ್ನುತ್ತಾರೆ. ಒಗ್ಗದಿದ್ದದ್ದು ಮೀನಲ್ಲ, ಐಸ್ ಇಲ್ಲದೆ ಕಳೆದ ಎರಡು ತಾಸು.

ಮೀನುಗಾರಿಕೆ ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಪ್ರತಿ ಜೆಟ್ಟಿಯಲ್ಲಿ ಒಂದು ಪುಸ್ತಕ ಇಡಿ: ದೋಣಿಯ ನಂಬರು, ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು, ಮುಳುಗುವವರು ಎಷ್ಟು, ಮರಳುವ ಹೊತ್ತು. ಹೇಳಿದ ಹೊತ್ತು ಮೀರಿ ಎರಡು ತಾಸಾದರೆ ವಿಚಾರಿಸುವವರೊಬ್ಬರು ಇರಲಿ. ಮೀನುಗಾರಿಕೆಗೆಂದು ನೋಂದಾಯಿಸಿದ ದೋಣಿಯಲ್ಲಿ ಮನೆಮಂದಿಯನ್ನು ಕರೆದೊಯ್ಯಲು ಯಾವ ಷರತ್ತಿನ ಮೇಲೆ ಒಪ್ಪಿಗೆ ಎಂಬುದನ್ನು ಬರಹದಲ್ಲಿ ತಿಳಿಸಿ. ಈಗ ಕಣ್ಣುಮುಚ್ಚಾಲೆಯಂತೆ ನಡೆಯುತ್ತಿರುವುದರಿಂದಲೇ ಯಾರೂ ಹೋಗುವಾಗ ಹೇಳಿ ಹೋಗುವುದಿಲ್ಲ. ಮುಳುಗುವವರ ಬಾವುಟದ ಚಿತ್ರವನ್ನು, ಅದು ಕಂಡರೆ 100 ಮೀಟರ್ ದೂರದಿಂದ ನಿಧಾನವಾಗಿ ಹೋಗಬೇಕೆಂಬ ಸೂಚನೆಯ ಜತೆಗೆ, ಐಸ್ ಪ್ಲಾಂಟ್ ಮತ್ತು ಡೀಸೆಲ್ ಬಂಕಿನ ಗೋಡೆಗೆ ಹಚ್ಚಿ. ಬೋಟಿನವರು ದಿನವೂ ನಿಲ್ಲುವ ಜಾಗ ಅವೆರಡೇ. ಅದೇ ಬೋರ್ಡಿನ ಕೆಳಗೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093 ಮತ್ತು ವಿಎಚ್‌ಎಫ್ ಚಾನೆಲ್ 16 ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ನೀರು ತಿಳಿಯಾಗುವ ನವೆಂಬರಿಗೆ ಮುಂಚೆ ಇಷ್ಟಾದರೆ ಕ್ರಿಸ್‌ಮಸ್ ರಜೆಗೆ ಬರುವವರಿಗೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ಗಾಳ ಮತ್ತು ಈಟಿ ಬಲ್ಲ ಕೆಲವರು
ಕುಂದಾಪುರ ತಾಲ್ಲೂಕು